ಹಸಿರು ಹಾಸಿನ ಅಡಿಯಲ್ಲಿ ಹರಿಯುವ ನೀರು: ಗಾಲ್ಫ್ ಮೈದಾನದ ಬಸಿಗಾಲುವೆ ಎಲ್ಲರಿಗೂ ಏಕೆ ಮುಖ್ಯ?

ಬೆಂಗಳೂರು: 2024ರ ಮೇ 18ರ ಶನಿವಾರ ಸಂಜೆ. ನಗರದ ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ಹಾಗೂ ಚೆನ್ನೈ ಸೂಪರ್ ಕಿಂಗ್ಸ್ ತಂಡಗಳ ನಡುವಣ ಪಂದ್ಯದಲ್ಲಿ ಕೇವಲ 3 ಓವರುಗಳು ಮುಗಿದಿದ್ದವು. ಅಷ್ಟರಲ್ಲಿ ಮಳೆ ಬಂತು. ಮುಂದಿನ ಸುತ್ತಿಗೆ ಯಾರು ಎಂಬುದನ್ನು ನಿರ್ಧರಿಸಬೇಕಿದ್ದ ಪಂದ್ಯ ನೀರುಪಾಲಾಯಿತೆಂದೇ ಅನೇಕರು ಭಾವಿಸಿದರು. ಆದರೆ ಮಳೆ ನಿಂತ ಸ್ವಲ್ಪ ಹೊತ್ತಿನಲ್ಲಿ ಅಂಗಳ ಒಣಗಿತು, ಒಂದು ಓವರೂ ಕಡಿತವಾಗದೆ ಆಟ ಪೂರ್ಣಗೊಂಡಿತು. ಬೆಂಗಳೂರು ತಂಡ 27 ರನ್ನುಗಳಿಂದ ಗೆದ್ದಿತು.

ಆ ರಾತ್ರಿ ಆಟಗಾರರಷ್ಟೇ ಪ್ರಶಂಸೆ ಗಳಿಸಿದ್ದು ಹುಲ್ಲುಹಾಸಿನ ಅಡಿಯಲ್ಲಿ ಅಡಗಿದ್ದ ಒಂದು ವ್ಯವಸ್ಥೆ. ಅದರ ಹೆಸರು ಸಬ್‌ಏರ್. ಕ್ರಿಕೆಟ್ ಅಭಿಮಾನಿಗಳಿಗೆ ಈ ಹೆಸರು ಈಗ ಪರಿಚಿತ. ಆದರೆ ಇದು ಹುಟ್ಟಿದ್ದು ಕ್ರಿಕೆಟ್ಟಿಗಾಗಿ ಅಲ್ಲ, ಗಾಲ್ಫ್‌ಗಾಗಿ ಎಂಬುದು ಬಹಳ ಮಂದಿಗೆ ತಿಳಿಯದ ಸಂಗತಿ. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಮೈದಾನದ ಉಸ್ತುವಾರಿ ಹೊತ್ತಿದ್ದ ಮಾರ್ಷ್ ಬೆನ್ಸನ್ 1990ರ ದಶಕದಲ್ಲಿ ಇದನ್ನು ರೂಪಿಸಿದರು. ನೆಲದೊಳಗೆ ಮೊದಲೇ ಇರುವ ರಂಧ್ರಗಳುಳ್ಳ ಕೊಳವೆಗಳ ಜಾಲಕ್ಕೆ ಒಂದು ಬಲಿಷ್ಠ ಗಾಳಿಯಂತ್ರವನ್ನು ಜೋಡಿಸುವುದು ಇದರ ತಿರುಳು. ಒಂದು ದಿಕ್ಕಿನಲ್ಲಿ ಓಡಿಸಿದರೆ ಮಣ್ಣಿನ ನೀರನ್ನು ಕೆಳಕ್ಕೆ ಹೀರುತ್ತದೆ. ಇನ್ನೊಂದು ದಿಕ್ಕಿನಲ್ಲಿ ಓಡಿಸಿದರೆ ಬೇರುಗಳಿಗೆ ಗಾಳಿಯನ್ನು ಊದುತ್ತದೆ.

2015ರ ನವೆಂಬರ್‌ನಲ್ಲಿ ಇದೇ ಚಿನ್ನಸ್ವಾಮಿ ಅಂಗಳದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಣ ಟೆಸ್ಟ್ ಪಂದ್ಯದ ಕೊನೆಯ ನಾಲ್ಕು ದಿನಗಳೂ ಮಳೆಗೆ ಆಹುತಿಯಾಗಿದ್ದವು. ಆ ಬಳಿಕ ಅಂಗಳವನ್ನು ಅಗೆದು, ಮರಳಿನ ತಳಹದಿ ಹಾಕಿ, 2017ರಲ್ಲಿ ಸಬ್‌ಏರ್ ಅಳವಡಿಸಲಾಯಿತು. ವಿಶ್ವದ ಕ್ರಿಕೆಟ್ ಮೈದಾನಗಳಲ್ಲಿ ಇದೇ ಮೊದಲನೆಯದು. ನಿಮಿಷಕ್ಕೆ 10,000 ಲೀಟರ್ ನೀರನ್ನು ಹೊರಹಾಕುವ ಸಾಮರ್ಥ್ಯ ಇದಕ್ಕಿದೆ ಎಂದು ಆಗ ಪ್ರಕಟಿಸಲಾಗಿತ್ತು.

ಹಾಗೆಂದು ಇದು ಮಂತ್ರದಂಡವಲ್ಲ. 2025ರ ಮೇ 17ರಂದು ಬೆಂಗಳೂರು ಮತ್ತು ಕೋಲ್ಕತ್ತ ತಂಡಗಳ ಪಂದ್ಯ ಟಾಸ್ ಕೂಡ ಆಗದೆ ರದ್ದಾಯಿತು. ಯಂತ್ರವು ಬಿದ್ದ ನೀರನ್ನು ಹೀರಬಲ್ಲದು, ಬೀಳುತ್ತಿರುವ ಮಳೆಯನ್ನು ನಿಲ್ಲಿಸಲಾರದು. ಇನ್ನೂ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಹೀರಿದ ನೀರು ಎಲ್ಲಿಗೆ ಹೋಗುತ್ತದೆ? ಸುಮಾರು 4 ಎಕರೆಯ ಕ್ರಿಕೆಟ್ ಅಂಗಳದಲ್ಲಿ ಈ ಪ್ರಶ್ನೆ ಚಿಕ್ಕದು. 100 ಎಕರೆ ಮೀರುವ ಗಾಲ್ಫ್ ಮೈದಾನದಲ್ಲಿ ಅದು ದೊಡ್ಡದಾಗುತ್ತದೆ. ಆ ಮೈದಾನ ನಗರದ ನಡುವೆ, ಕಣಿವೆಯ ತಗ್ಗಿನಲ್ಲಿದ್ದರಂತೂ ಆಟದ ಗೋಜಿಗೇ ಹೋಗದ ನಾಗರಿಕರ ಪ್ರಶ್ನೆಯೂ ಆಗುತ್ತದೆ.

ಕಡಲತೀರದ ಮರಳಿನಿಂದ ಆರಂಭ

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಮೇಲೆ. ಕೃಷಿಗೆ ಬಾರದ, ಕುರಿಗಳು ಮೇಯುತ್ತಿದ್ದ ಆ ನೆಲವನ್ನು ಅಲ್ಲಿನವರು ಲಿಂಕ್ಸ್ ಎಂದು ಕರೆಯುತ್ತಿದ್ದರು. ಮರಳಿನಲ್ಲಿ ಮಳೆನೀರು ನಿಲ್ಲುವುದಿಲ್ಲ. ಆದ್ದರಿಂದ ಬಸಿಗಾಲುವೆಯ ಚಿಂತೆಯೇ ಇರಲಿಲ್ಲ. ಸೇಂಟ್ ಆಂಡ್ರೂಸ್ ಮೈದಾನವನ್ನು 1860ರ ದಶಕದಿಂದ ನೋಡಿಕೊಂಡ ಟಾಮ್ ಮಾರಿಸ್ ಹುಲ್ಲಿನ ಮೇಲೆ ಆಗಾಗ ತೆಳುವಾಗಿ ಮರಳು ಚೆಲ್ಲುವ ಪದ್ಧತಿಯನ್ನು ರೂಢಿಗೆ ತಂದವರೆಂದು ಪ್ರಸಿದ್ಧರು. ಒಮ್ಮೆ ಕೈಗಾಡಿಯಿಂದ ಆಕಸ್ಮಿಕವಾಗಿ ಮರಳು ಚೆಲ್ಲಿದ ಜಾಗದಲ್ಲಿ ಹುಲ್ಲು ಹುಲುಸಾಗಿ ಬೆಳೆದದ್ದನ್ನು ಕಂಡು ಅವರು ಈ ಪಾಠ ಕಲಿತರೆಂಬ ಕಥೆಯೂ ಪ್ರಚಲಿತದಲ್ಲಿದೆ.

ಆಟವು ಕಡಲತೀರವನ್ನು ಬಿಟ್ಟು ಒಳನಾಡಿಗೆ ಬಂದಾಗ ತೊಡಕು ಆರಂಭವಾಯಿತು. ಜೇಡಿಮಣ್ಣಿನ ನೆಲದಲ್ಲಿ ನೀರು ನಿಂತು ಕೆಸರಾಯಿತು. ಭಾರತಕ್ಕೆ ಗಾಲ್ಫ್ ಬೇಗನೆ ಬಂತು. 1829ರಲ್ಲಿ ಸ್ಥಾಪನೆಯಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಕ್ಲಬ್. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಆ ಕಾಲದಲ್ಲಿ ವರ್ಷವಿಡೀ ಹಸಿರು ಹುಲ್ಲನ್ನು ಉಳಿಸಿಕೊಳ್ಳಲಾಗದ ಎಷ್ಟೋ ಊರುಗಳಲ್ಲಿ ಗ್ರೀನ್ ಬದಲು ಬ್ರೌನ್ ಇರುತ್ತಿತ್ತು. ಮರಳಿಗೆ ಎಣ್ಣೆ ಬೆರೆಸಿ, ತಟ್ಟಿ ಸಮಗೊಳಿಸಿದ ಕಂದು ಬಣ್ಣದ ಅಂಗಳವದು. ನೀರೂ ಬೇಡ, ಬಸಿಗಾಲುವೆಯೂ ಬೇಡ. ಇಂದಿನ ಹಸಿರು ಹಾಸು ನಮ್ಮ ಹವಾಮಾನದಲ್ಲಿ ತಾನಾಗಿ ಸಿದ್ಧಿಸಿದ್ದಲ್ಲ, ಕಟ್ಟಿ ನಿಲ್ಲಿಸಿದ್ದು ಎಂಬುದನ್ನು ಈ ಇತಿಹಾಸ ನೆನಪಿಸುತ್ತದೆ.

ಗ್ರೀನ್‌ನ ಒಡಲಲ್ಲಿ ಏನಿದೆ?

ಗಾಲ್ಫ್ ಮೈದಾನದ ಪ್ರತಿ ಹಂತದಲ್ಲೂ ಮೂರು ಮುಖ್ಯ ಭಾಗಗಳಿರುತ್ತವೆ. ಚೆಂಡನ್ನು ಮೊದಲು ಹೊಡೆಯುವ ದಿಣ್ಣೆ ಟೀ. ನಡುವಣ ಉದ್ದನೆಯ ಹುಲ್ಲುಹಾದಿ ಫೇರ್‌ವೇ. ಕುಳಿಯಿರುವ ನುಣುಪಾದ ಅಂಗಳ ಗ್ರೀನ್. ಇಡೀ ಮೈದಾನದ ವಿಸ್ತೀರ್ಣದಲ್ಲಿ ಗ್ರೀನ್‌ಗಳ ಪಾಲು ತೀರಾ ಅಲ್ಪ. ಆದರೆ ನಿರ್ವಹಣೆಯ ಶ್ರಮ ಹಾಗೂ ಹಣದ ಬಹುಪಾಲು ಅಲ್ಲಿಗೇ ಸಲ್ಲುತ್ತದೆ. ಕಾರಣ ಸರಳ. ಅಲ್ಲಿ ಹುಲ್ಲನ್ನು 3ರಿಂದ 4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಲಾಗುತ್ತದೆ. ಇಷ್ಟು ಕುಳ್ಳಾಗಿ ಕತ್ತರಿಸಿಕೊಂಡ ಗಿಡಕ್ಕೆ ಎಲೆಯ ಬಲವಿಲ್ಲ, ಬೇರೂ ಆಳಕ್ಕೆ ಇಳಿಯುವುದಿಲ್ಲ. ಅದರ ಮೇಲೆ ದಿನವೂ ನೂರಾರು ಹೆಜ್ಜೆಗಳು ಬೀಳುತ್ತವೆ. ಒಂದೆರಡು ದಿನ ನೀರು ನಿಂತರೂ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಇದಕ್ಕೆ ಪರಿಹಾರವಾಗಿ ಅಮೆರಿಕದ ಗಾಲ್ಫ್ ಸಂಸ್ಥೆಯಾದ ಯು.ಎಸ್.ಜಿ.ಎ. 1960ರಲ್ಲಿ ಗ್ರೀನ್ ನಿರ್ಮಾಣದ ಒಂದು ವಿಧಾನವನ್ನು ಪ್ರಕಟಿಸಿತು. ಹಲವು ಬಾರಿ ಪರಿಷ್ಕೃತವಾಗಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಆ ವಿಧಾನ ಹೀಗಿದೆ: ಮೊದಲು ನೆಲವನ್ನು ಅಗೆದು, ಮೇಲ್ಮೈಗೆ ಬೇಕಾದ ಏರಿಳಿತವನ್ನು ತಳದಲ್ಲಿಯೂ ಮೂಡಿಸಬೇಕು. ಅದರಲ್ಲಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ, 100 ಮಿ.ಮೀ. ವ್ಯಾಸದ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಬೇಕು. ಕವಲು ಕೊಳವೆಗಳ ನಡುವೆ ಹೆಚ್ಚೆಂದರೆ 4.5 ಮೀಟರ್ ಅಂತರ. ಅದರ ಮೇಲೆ 100 ಮಿ.ಮೀ. ದಪ್ಪ ಜಲ್ಲಿಯ ಪದರ. ಎಲ್ಲಕ್ಕಿಂತ ಮೇಲೆ, ಸ್ವಲ್ಪ ಸಾವಯವ ಪದಾರ್ಥ ಬೆರೆಸಿದ 300 ಮಿ.ಮೀ. ದಪ್ಪ ಮರಳಿನ ಪದರ. ಹುಲ್ಲು ಬೇರೂರುವುದು ಇದರಲ್ಲಿ. ಈ ಮರಳು ಗಂಟೆಗೆ ಕನಿಷ್ಠ 150 ಮಿ.ಮೀ. ನೀರನ್ನು ಕೆಳಗಿಳಿಸುವಂತಿರಬೇಕು. ಅಂದರೆ, ಬೆಂಗಳೂರಿನ ಅತಿ ರಭಸದ ಮಳೆಯನ್ನೂ ಅದು ನುಂಗಬಲ್ಲದು.

ಇಲ್ಲಿ ಒಂದು ಅನುಮಾನ ಸಹಜ. ಇಷ್ಟು ವೇಗವಾಗಿ ನೀರು ಇಳಿದುಹೋದರೆ ಹುಲ್ಲು ಒಣಗುವುದಿಲ್ಲವೇ?

ಸ್ಪಂಜು ಕಲಿಸುವ ಪಾಠ

ಉತ್ತರವನ್ನು ಅಡುಗೆಮನೆಯಲ್ಲಿಯೇ ಕಂಡುಕೊಳ್ಳಬಹುದು. ಪಾತ್ರೆ ತೊಳೆಯುವ ಚಪ್ಪಟೆ ಸ್ಪಂಜನ್ನು ನೀರಿನಲ್ಲಿ ಪೂರ್ತಿ ಅದ್ದಿ, ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನು ಉದ್ದಕ್ಕೆ, ಲಂಬವಾಗಿ ನಿಲ್ಲಿಸಿ. ಮತ್ತೆ ನೀರು ಇಳಿಯತೊಡಗುತ್ತದೆ. ಸ್ಪಂಜು ಅದೇ, ನೀರೂ ಅದೇ; ಬದಲಾದದ್ದು ಎತ್ತರ ಮಾತ್ರ. ಸೂಕ್ಷ್ಮ ರಂಧ್ರಗಳಲ್ಲಿ ಹಿಡಿದಿಟ್ಟ ನೀರು ಮೇಲಿನ ಭಾರ ಸಾಲದಿದ್ದರೆ ಕೆಳಗಿನ ಖಾಲಿ ಜಾಗಕ್ಕೆ ಬೀಳುವುದಿಲ್ಲ.

ಗ್ರೀನ್‌ನಲ್ಲಿ ನಡೆಯುವುದೂ ಇದೇ. ಸಣ್ಣ ಕಣಗಳ ಮರಳು ದಪ್ಪ ಜಲ್ಲಿಯ ಮೇಲೆ ಕುಳಿತಿದೆ. ಮರಳಿನ ತಳಭಾಗ ತೋಯ್ದು ತುಂಬುವವರೆಗೂ ನೀರು ಜಲ್ಲಿಗೆ ಇಳಿಯುವುದಿಲ್ಲ. ಮರಳಿನ ತಳದಲ್ಲಿಯೇ ತೆಳು ಪದರವಾಗಿ ತಡೆದು ನಿಲ್ಲುತ್ತದೆ. ಬಿಸಿಲಿನ ದಿನಗಳಲ್ಲಿ ಅದು ಬೇರಿಗೆ ಆಸರೆ. ಜೋರು ಮಳೆ ಬಂದಾಗ ಮಾತ್ರ ಭಾರ ಹೆಚ್ಚಿ, ಮಿಕ್ಕ ನೀರು ಒಮ್ಮೆಲೇ ಜಲ್ಲಿಗೆ ಧುಮುಕಿ ಕೊಳವೆ ಸೇರುತ್ತದೆ. ಹಿಡಿಯುವುದು ಮತ್ತು ಬಿಡುವುದು, ಎರಡೂ ಒಂದೇ ರಚನೆಯಲ್ಲಿ. ಮರಳಿನ ಪದರ ಒಂದೆಡೆ ತೆಳುವಾಗಿ ಮತ್ತೊಂದೆಡೆ ದಪ್ಪವಾಗಿದ್ದರೆ ಈ ಸಮತೋಲ ಕೆಡುತ್ತದೆ: ತೆಳುವಿರುವಲ್ಲಿ ಜೌಗು, ದಪ್ಪವಿರುವಲ್ಲಿ ಒಣಗು. ನುರಿತ ಗುತ್ತಿಗೆದಾರರು ಅಳತೆಯ ಗೂಟಗಳನ್ನು ನೆಟ್ಟು ಬೆರಳಿನ ದಪ್ಪದ ವ್ಯತ್ಯಾಸಕ್ಕೂ ತಕರಾರು ಮಾಡುವುದು ಇದೇ ಕಾರಣಕ್ಕೆ.

ಗರಿಕೆಯ ಆರೈಕೆ

ನಮ್ಮ ರಾಜ್ಯದ ಮೈದಾನಗಳ ಹುಲ್ಲು ಯಾವುದು? ಬರ್ಮುಡಾ ಎಂಬ ಪರದೇಶಿ ಹೆಸರಿನಲ್ಲಿ ಕರೆಯಲಾಗುವ ಹುಲ್ಲು ಬೇರಾವುದೂ ಅಲ್ಲ, ಗಣೇಶನ ಪೂಜೆಗೆ ನಾವು ಕೀಳುವ ಗರಿಕೆಯೇ. ಅದರ ಸಸ್ಯಶಾಸ್ತ್ರೀಯ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಇದನ್ನು ಆಫ್ರಿಕಾದ ಒಂದು ಸೋದರ ತಳಿಯೊಂದಿಗೆ ಬೆರೆಸಿ, ಅಮೆರಿಕದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಕುಳ್ಳ ತಳಿಗಳನ್ನು ಬೆಳೆಸಲಾಯಿತು. ಟಿಫ್‌ಡ್ವಾರ್ಫ್, ಟಿಫ್‌ಈಗಲ್ ಎಂಬ ಹೆಸರುಗಳಲ್ಲಿರುವ ಟಿಫ್ ಬಂದದ್ದು ಆ ಊರಿನಿಂದ. ಹೊಲದ ಬದುವಿನಲ್ಲಿ ಕಳೆಯೆಂದು ಕಿತ್ತೆಸೆಯುವ ಗರಿಕೆಯ ಬಂಧುವೇ ಗ್ರೀನ್‌ನಲ್ಲಿ ರಾಜೋಪಚಾರ ಪಡೆಯುತ್ತಿದೆ.

ಆ ಉಪಚಾರ ಬೆಳಕು ಹರಿಯುವ ಮುನ್ನವೇ ಆರಂಭವಾಗುತ್ತದೆ. ಆಟಗಾರರು ಬರುವುದಕ್ಕೆ ಮೊದಲು ಮಾಲಿಗಳು ಇಬ್ಬನಿಯನ್ನು ಉದ್ದನೆಯ ಕೋಲಿನಿಂದ ಒರೆಸಬೇಕು. ಇಬ್ಬನಿ ಎಲೆಯ ಮೇಲೆ ಹೆಚ್ಚು ಹೊತ್ತು ನಿಂತರೆ ಶಿಲೀಂಧ್ರ ರೋಗ ತಗಲುತ್ತದೆ. ಬಳಿಕ ಹುಲ್ಲು ಕತ್ತರಿಸುವುದು, ಕುಳಿಯ ಜಾಗ ಬದಲಿಸುವುದು, ಚೆಂಡು ಬಿದ್ದ ಗುಳಿಗಳನ್ನು ಮುಚ್ಚುವುದು, ಬಂಕರ್‌ನ ಮರಳನ್ನು ಕುಂಟೆಯಿಂದ ಸಮಗೊಳಿಸುವುದು. ಗ್ರೀನ್‌ನ ವೇಗವನ್ನು ಅಳೆಯಲು ಸ್ಟಿಂಪ್‌ಮೀಟರ್ ಎಂಬ ತೋಡುಳ್ಳ ಕೋಲು ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಇದನ್ನು ರೂಪಿಸಿದರು. ಕೋಲಿನಿಂದ ಜಾರಿದ ಚೆಂಡು ಎಷ್ಟು ಅಡಿ ಉರುಳಿತೋ ಅದೇ ಗ್ರೀನ್‌ನ ವೇಗ.

ಕಣ್ಣಿಗೆ ಕಾಣದ ಶತ್ರು ಮೇಲಿನ ಒಂದೆರಡು ಅಂಗುಲದಲ್ಲಿ ಬೆಳೆಯುತ್ತದೆ. ಸತ್ತ ಬೇರು, ಕಾಂಡಗಳು ಸೇರಿ ಮೆತ್ತನೆಯ ಪದರವಾಗಿ, ನೀರನ್ನು ತಡೆಯುತ್ತವೆ. ಗಾಳಿಯಾಡದ ಮಣ್ಣಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಪದರ ಮೂಡುತ್ತದೆ. ಅದಕ್ಕಾಗಿ ಕಾಲಕಾಲಕ್ಕೆ ಪೊಳ್ಳು ಮೊಳೆಗಳ ಯಂತ್ರದಿಂದ ಹುಲ್ಲುಹಾಸಿನಲ್ಲಿ ಸಾವಿರಾರು ತೂತುಗಳನ್ನು ಕೊರೆದು, ಮಣ್ಣಿನ ತುಂಡುಗಳನ್ನು ಹೊರತೆಗೆದು, ಆ ತೂತುಗಳಿಗೆ ಮರಳು ತುಂಬಲಾಗುತ್ತದೆ. ಹೊಸದಾಗಿ ತೂತು ಬಿದ್ದ ಗ್ರೀನ್ ಕಂಡು ಸದಸ್ಯರು ಗೊಣಗುವುದು ಎಲ್ಲ ಕ್ಲಬ್‌ಗಳಲ್ಲಿಯೂ ಸಾಮಾನ್ಯ. ಆದರೆ ಆ ಕೆಲಸ ತಪ್ಪಿದರೆ, ಕೆಳಗೆ ಎಷ್ಟೇ ಒಳ್ಳೆಯ ಕೊಳವೆಗಳಿದ್ದರೂ ನೀರು ಅಲ್ಲಿಗೆ ತಲಪುವುದೇ ಇಲ್ಲ. ಕೊಳವೆಯ ದೋಷವೆಂದು ಭಾವಿಸುವ ಎಷ್ಟೋ ತೊಂದರೆಗಳು ವಾಸ್ತವವಾಗಿ ಮೇಲ್ಪದರದ ಆರೈಕೆಯ ಲೋಪಗಳೇ.

ಬಸಿಗಾಲುವೆ ಸುಧಾರಣೆ ಎಂದರೇನು?

ಗ್ರೀನ್‌ಗಳಿಗೆ ಬಳಸುವ ದುಬಾರಿ ವಿಧಾನವನ್ನು ಇಡೀ ಫೇರ್‌ವೇಗೆ ಬಳಸಲಾಗದು. ಅಲ್ಲಿನ ಮೊದಲ ಉಪಾಯ ನೆಲದ ಇಳಿಜಾರು. ನೀರು ಹಗುರವಾಗಿ ಹರಿದು ಹೋಗುವಂತೆ ಅಗಲವಾದ, ಆಳವಿಲ್ಲದ ಹುಲ್ಲುಗಾಲುವೆಗಳನ್ನು ರೂಪಿಸಲಾಗುತ್ತದೆ. ಎರಡನೆಯದು, ತಗ್ಗುಗಳಲ್ಲಿ ಜಾಲರಿ ಮುಚ್ಚಳದ ತೊಟ್ಟಿಗಳು. ಮೂರನೆಯದು, ಜಲ್ಲಿ ತುಂಬಿದ ಕಾಲುವೆಯಲ್ಲಿ ರಂಧ್ರದ ಕೊಳವೆ. ಇದನ್ನು ಫ್ರೆಂಚ್ ಡ್ರೈನ್ ಎನ್ನುತ್ತಾರೆ. ಫ್ರಾನ್ಸ್ ದೇಶಕ್ಕೂ ಇದಕ್ಕೂ ನಂಟಿಲ್ಲ. ಅಮೆರಿಕದ ಹೆನ್ರಿ ಫ್ರೆಂಚ್ 1859ರಲ್ಲಿ ಹೊಲಗಳ ಬಸಿಗಾಲುವೆ ಕುರಿತು ಬರೆದ ಪುಸ್ತಕದಿಂದ ಈ ಹೆಸರು ಜನಜನಿತವಾಯಿತು.

ಮಣ್ಣಿನ ಗುಣವನ್ನು ಅರಿಯದೆ ಯೋಜನೆ ಹಾಕುವಂತಿಲ್ಲ. ಬೆಂಗಳೂರು, ಕೋಲಾರ ಭಾಗದ ಕೆಂಪುಮಣ್ಣು ಒಂದು ಬಗೆ. ಉತ್ತರ ಕರ್ನಾಟಕದ ಎರೆಮಣ್ಣು ಮತ್ತೊಂದು ಬಗೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುವ ಅದು ಹೂತ ಕೊಳವೆಯನ್ನೇ ಅಲುಗಿಸಬಲ್ಲದು. ಮಡಿಕೇರಿ, ಬಿಟ್ಟಂಗಾಲದಂತಹ ಕೊಡಗಿನ ಮೈದಾನಗಳಲ್ಲಿ ಇಳಿಜಾರು ಧಾರಾಳವಾಗಿದೆ. ಅಲ್ಲಿನ ಚಿಂತೆ ನಿಲ್ಲುವ ನೀರಿಗಿಂತ ರಭಸದಲ್ಲಿ ಕೊಚ್ಚಿಹೋಗುವ ಮಣ್ಣಿನದು.

ಸುಧಾರಣಾ ಕಾಮಗಾರಿಯ ಕ್ರಮವೂ ಹೊರಗಿನವರು ಊಹಿಸುವುದಕ್ಕಿಂತ ಭಿನ್ನ. ನೀರು ನಿಂತ ಜಾಗದಿಂದ ಕೆಲಸ ಆರಂಭವಾಗುವುದಿಲ್ಲ. ನೀರು ಹೊರಬೀಳುವ ಜಾಗದಿಂದ ಆರಂಭವಾಗುತ್ತದೆ. ಮೊದಲು ಹೊರಗಂಡಿಯ ಮಟ್ಟವನ್ನು ಅಳೆಯಬೇಕು. ಅದು ಹೂಳಿನಲ್ಲಿ ಮುಚ್ಚಿದ್ದರೆ, ಅಥವಾ ಹೊರಗಿನ ಕಾಲುವೆಯ ನೀರಿನ ಮಟ್ಟ ಅದಕ್ಕಿಂತ ಮೇಲಿದ್ದರೆ, ಒಳಗೆ ಕೋಟಿ ರೂಪಾಯಿಯ ಕೊಳವೆ ಹಾಕಿದರೂ ವ್ಯರ್ಥ. ಹೊರಗಂಡಿ ಸರಿಯಾದ ಮೇಲೆ ಮುಖ್ಯ ಕೊಳವೆ, ಅಲ್ಲಿಂದ ಮೇಲ್ಮುಖವಾಗಿ ಕವಲುಗಳು. ಕೊಳವೆಗೆ 200 ಅಡಿಗೆ ಕನಿಷ್ಠ 1 ಅಡಿಯ ಇಳಿತ ಬೇಕು. ಮರದ ಬೇರು ನುಗ್ಗದಂತೆ ಹಾದಿಯನ್ನು ಆರಿಸಬೇಕು. ಕಟ್ಟಿಕೊಂಡಾಗ ನೀರು ಹಾಯಿಸಿ ತೊಳೆಯಲು ಬಾಯಿಗಳನ್ನು ಬಿಡಬೇಕು. ಎಲ್ಲಿ ಏನು ಹೂತಿದೆ ಎಂಬ ನಕ್ಷೆಯನ್ನು ಜೋಪಾನವಾಗಿ ಇಡಬೇಕು. ನಕ್ಷೆಯಿಲ್ಲದೆ ಇಪ್ಪತ್ತು ವರ್ಷಗಳ ಬಳಿಕ ಮತ್ತೆ ನೆಲ ಅಗೆದು ಹುಡುಕುವ ಪಾಡು ನಮ್ಮ ನಗರಗಳ ರಸ್ತೆಗಳಿಗೆ ಹೊಸದೇನಲ್ಲ.

ಮರಳೇ ಇಲ್ಲಿನ ದೊಡ್ಡ ಖರ್ಚು. ಒಂದು ಗ್ರೀನ್ 500 ಚದರ ಮೀಟರ್ ಎಂದು ಹಿಡಿದರೆ, 300 ಮಿ.ಮೀ. ದಪ್ಪಕ್ಕೆ 150 ಘನ ಮೀಟರ್ ಮರಳು ಬೇಕು. 18 ಗ್ರೀನ್‌ಗಳಿಗೆ 2,700 ಘನ ಮೀಟರ್. 10 ಘನ ಮೀಟರ್ ಹೊರುವ ಲಾರಿಗಳಲ್ಲಿ 270 ಲೋಡು. ಯಾವ ಮರಳಾದರೂ ಸಲ್ಲದು. ಕಣಗಳ ಗಾತ್ರವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಆರಿಸಬೇಕು. ಜಲ್ಲಿಪುಡಿಯ ನುಣುಪು ಧೂಳು ಬೆರೆತರೆ ರಂಧ್ರಗಳು ಕಟ್ಟಿಕೊಳ್ಳುತ್ತವೆ. ನದಿಮರಳಿಗಾಗಿ ಹಾಹಾಕಾರವಿರುವ ರಾಜ್ಯದಲ್ಲಿ ಈ ಮರಳು ಎಲ್ಲಿಂದ ಬರುತ್ತದೆ ಎಂಬುದೂ ಕೇಳಲೇಬೇಕಾದ ಪ್ರಶ್ನೆ.

ಲೆಕ್ಕ ಏನು ಹೇಳುತ್ತದೆ?

ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು 4,047 ಲೀಟರ್ ನೀರು. 4 ಎಕರೆಯ ಕ್ರಿಕೆಟ್ ಅಂಗಳದಲ್ಲಿ 10 ಮಿ.ಮೀ. ಮಳೆಯಾದರೆ ಸುಮಾರು 1.6 ಲಕ್ಷ ಲೀಟರ್. ನಿಮಿಷಕ್ಕೆ 10,000 ಲೀಟರ್ ಹೀರುವ ಯಂತ್ರಕ್ಕೆ ಅದು ಕಾಲು ಗಂಟೆಯ ಕೆಲಸ. ಈಗ 100 ಎಕರೆಯ ಗಾಲ್ಫ್ ಮೈದಾನದ ಮೇಲೆ ಒಂದೇ ದಿನ 100 ಮಿ.ಮೀ. ಮಳೆ ಬಿತ್ತೆನ್ನಿ. ಅದು ಸುಮಾರು 4 ಕೋಟಿ ಲೀಟರ್. 6,000 ಲೀಟರ್ ಟ್ಯಾಂಕರಿನಲ್ಲಿ ತುಂಬಿದರೆ 6,700ಕ್ಕೂ ಹೆಚ್ಚು ಟ್ಯಾಂಕರುಗಳು ಬೇಕು. 2022ರ ಸೆಪ್ಟೆಂಬರ್ 4 ಮತ್ತು 5ರ ನಡುವೆ ಬೆಂಗಳೂರಿನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 131.6 ಮಿ.ಮೀ. ಹಾಗಾಗಿ ಈ ಲೆಕ್ಕ ಕಾಲ್ಪನಿಕವಾದರೂ ಅಸಂಭವವಲ್ಲ.

ಈ 4 ಕೋಟಿ ಲೀಟರ್ ನೀರಿಗೆ ಎರಡೇ ಗತಿ. ಒಂದೋ ಮೈದಾನದ ಒಳಗೇ ಸ್ವಲ್ಪ ಹೊತ್ತು ತಂಗಿ, ಇಂಗಿ, ಕೊಳಗಳನ್ನು ತುಂಬಿ, ನಿಧಾನವಾಗಿ ಹೊರಬರಬೇಕು. ಇಲ್ಲವೇ ಕೊಳವೆಗಳ ಮೂಲಕ ಒಂದೆರಡು ಗಂಟೆಗಳಲ್ಲಿಯೇ ಪಕ್ಕದ ರಾಜಕಾಲುವೆಗೆ ಧುಮುಕಬೇಕು. ಮೊದಲನೆಯದಾದರೆ ಮೈದಾನವು ನಗರಕ್ಕೆ ಉಪಕಾರಿ. ಕಾಂಕ್ರೀಟಿನ ಬಡಾವಣೆಗಿಂತ ಹುಲ್ಲಿನ ನೆಲ ಎಷ್ಟೋ ಪಾಲು ಹೆಚ್ಚು ನೀರನ್ನು ತಡೆದುಕೊಳ್ಳುತ್ತದೆ. ಎರಡನೆಯದಾದರೆ ಆಟಗಾರನ ಬೂಟಿನ ಕೆಸರು ತಪ್ಪಿತು, ಕೆಳಗಿನ ಬಡಾವಣೆಯವರ ಹೊಸ್ತಿಲಿಗೆ ನೀರು ಬಂತು. ಬಸಿಗಾಲುವೆ ನೀರನ್ನು ಇಲ್ಲವಾಗಿಸುವುದಿಲ್ಲ, ಸ್ಥಳಾಂತರಿಸುತ್ತದೆ ಅಷ್ಟೆ.

ಚಲ್ಲಘಟ್ಟದ ಕಣಿವೆ

ಈ ಮಾತು ಬೆಂಗಳೂರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ದೊಮ್ಮಲೂರು ಸಮೀಪದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ 1980ರ ದಶಕದಲ್ಲಿ ರೂಪುಗೊಂಡದ್ದು ಹಿಂದೆ ಚಲ್ಲಘಟ್ಟ ಕೆರೆಯಿದ್ದ ಅಂಗಳದಲ್ಲಿ. 2012ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯೂ ಇಲ್ಲಿ ನಡೆದಿತ್ತು. ಕೆರೆಯಂಗಳವನ್ನು ಬೇರೆ ಬಳಕೆಗೆ ತಿರುಗಿಸಿದ ನಿದರ್ಶನ ಇದೊಂದೇ ಅಲ್ಲ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಮೇಲಿದೆ. ಕೆಂಪೇಗೌಡ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮೇಲಿದೆ. ಇವುಗಳ ನಡುವೆ ಹುಲ್ಲು, ಮರ, ಕೊಳಗಳಿರುವ ಗಾಲ್ಫ್ ಮೈದಾನ ಇನ್ನೂ ನೀರನ್ನು ಗುರುತಿಸಬಲ್ಲ ನೆಲವೆಂದೇ ಹೇಳಬೇಕು.

ಕೆರೆಯ ನೀರು ಹೋದರೂ ಕಣಿವೆ ಎಲ್ಲಿಗೂ ಹೋಗುವುದಿಲ್ಲ. ಮೇಲಿನ ಬಡಾವಣೆಗಳ ಮಳೆನೀರು ಹಳೆಯ ದಾರಿಯನ್ನೇ ಹುಡುಕಿಕೊಂಡು ಬರುತ್ತದೆ. ಈ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಹಿಂದೆ ಕೆರೆಗಳ ಸರಪಳಿಯಲ್ಲಿ ಏರಿ, ತೂಬು, ಕೋಡಿಗಳಿದ್ದವು. ನೀರುಗಂಟಿ ಎಂಬವನೊಬ್ಬ ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಬಿಡಬೇಕು ಎಂಬುದನ್ನು ಬಲ್ಲವನಾಗಿದ್ದ. ಒಂದು ಕೆರೆ ತುಂಬಿ ಕೋಡಿ ಬಿದ್ದ ಮೇಲೆಯೇ ಮುಂದಿನ ಕೆರೆಗೆ ನೀರು. ಆ ತಡೆಯೇ ಪ್ರವಾಹಕ್ಕೆ ಕಡಿವಾಣವಾಗಿತ್ತು. ಇಂದು ಕಣಿವೆಯ ತಗ್ಗಿನಲ್ಲಿರುವ ಯಾವುದೇ ಮೈದಾನದ ಬಸಿಗಾಲುವೆ ಯೋಜನೆಯನ್ನು ಒರೆಗೆ ಹಚ್ಚಲು ಇದೇ ಅಳತೆಗೋಲು ಸಾಕು: ಇದು ತೂಬಿನಂತೆ ತಡೆದು ಬಿಡುತ್ತದೆಯೋ, ಒಡೆದ ಏರಿಯಂತೆ ಒಮ್ಮೆಲೇ ಬಿಡುತ್ತದೆಯೋ?

ಬೇಸಿಗೆಯಲ್ಲಿ ನೀರು ಎಲ್ಲಿಂದ?

ಮಳೆಗಾಲದಲ್ಲಿ ನೀರನ್ನು ಹೊರಹಾಕುವ ಮೈದಾನವೇ ಬೇಸಿಗೆಯಲ್ಲಿ ನೀರಿಗಾಗಿ ಬಾಯಿ ತೆರೆಯುತ್ತದೆ. 60 ಎಕರೆ ಹುಲ್ಲಿಗೆ ದಿನಕ್ಕೆ 4 ಮಿ.ಮೀ. ನೀರು ಹಾಯಿಸಿದರೂ ಸುಮಾರು 10 ಲಕ್ಷ ಲೀಟರ್ ಬೇಕು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿ.ಮೀ. ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಆಗಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮುಂತಾದವುಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಘೋಷಿಸಿತ್ತು. ಚಿನ್ನಸ್ವಾಮಿ ಅಂಗಳಕ್ಕೂ ಆಗ ಕಬ್ಬನ್ ಉದ್ಯಾನದ ಘಟಕದ ಶುದ್ಧೀಕರಿಸಿದ ನೀರೇ ಆಸರೆಯಾಯಿತು.

ಹುಲ್ಲಿಗೆ ಶುದ್ಧೀಕರಿಸಿದ ಕೊಳಚೆನೀರು ಯೋಗ್ಯ ಆಯ್ಕೆ. ಅದರಲ್ಲಿರುವ ಸಾರಜನಕ, ರಂಜಕಗಳು ಗೊಬ್ಬರದ ಖರ್ಚನ್ನೂ ಉಳಿಸುತ್ತವೆ. ಆದರೆ ಅದರಲ್ಲಿ ಉಪ್ಪಿನಂಶವೂ ಇರುತ್ತದೆ. ಸೋಡಿಯಂ ಹೆಚ್ಚಿದರೆ ಜೇಡಿಕಣಗಳು ಚದುರಿ ಮಣ್ಣಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಜಿಪ್ಸಂ ಹಾಕಿ, ಮಳೆಗಾಲದ ನೀರಿನಲ್ಲಿ ಆ ಉಪ್ಪನ್ನು ತೊಳೆದು ಹೊರಕಳಿಸಬೇಕು. ಬಸಿಗಾಲುವೆ ಚೆನ್ನಾಗಿದ್ದರೆ ಮಾತ್ರ ಇದು ಸಾಧ್ಯ. ನೀರಾವರಿ ಮತ್ತು ಬಸಿಯುವಿಕೆ ಒಂದೇ ಎತ್ತಿನಗಾಡಿಯ ಎರಡು ಗಾಲಿಗಳು.

ಹೀಗೆ ತೊಳೆದು ಬಂದ ನೀರಿನೊಂದಿಗೆ ಗೊಬ್ಬರ, ಕೀಟನಾಶಕಗಳ ಅಂಶವೂ ಬರಬಹುದು. ಮರಳಿನ ಬೇರುಪದರ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆ. ಆದ್ದರಿಂದ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದು, ಮಳೆಯ ಮುನ್ಸೂಚನೆ ಇದ್ದಾಗ ಸಿಂಪಡಣೆ ನಿಲ್ಲಿಸುವುದು, ಕೊಳವೆಯ ಬಾಯಿಯನ್ನು ನೇರವಾಗಿ ಕಾಲುವೆಗೆ ಬಿಡದೆ ಜೊಂಡು ಬೆಳೆದ ಕೊಳದ ಮೂಲಕ ಹಾಯಿಸುವುದು ಒಳ್ಳೆಯ ನಿರ್ವಹಣೆಯ ಲಕ್ಷಣಗಳು. ಕೆ.ಸಿ. ವ್ಯಾಲಿ ಎಂದು ನಾವು ಕರೆಯುವ ಯೋಜನೆಯ ಹೆಸರಿನಲ್ಲಿರುವ ಸಿ ಎಂಬುದು ಇದೇ ಚಲ್ಲಘಟ್ಟ. ಆ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಕಣಿವೆಯ ನೀರಿನ ಗುಣಮಟ್ಟ ಕೇವಲ ರಾಜಧಾನಿಯ ಚಿಂತೆಯಾಗಿ ಉಳಿದಿಲ್ಲ.

ಬೇರೆಡೆಯ ಎರಡು ನಿದರ್ಶನಗಳು

ಅಮೆರಿಕದ ನಾರ್ತ್ ಕರೊಲಿನಾದ ಪೈನ್‌ಹರ್ಸ್ಟ್ ಸಂಸ್ಥೆಯ 2ನೇ ಸಂಖ್ಯೆಯ ಮೈದಾನವನ್ನು 2010-11ರಲ್ಲಿ ನವೀಕರಿಸಿದಾಗ ಹುಲ್ಲನ್ನು ಹೆಚ್ಚಿಸಲಿಲ್ಲ, ಕಡಿಮೆ ಮಾಡಿದರು. ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತು, ಆ ಸೀಮೆಯ ಸಹಜ ಮರಳುನೆಲ ಮತ್ತು ಕಾಡುಹುಲ್ಲಿಗೆ ಬಿಟ್ಟರು. ಸುಮಾರು 1,150ರಷ್ಟಿದ್ದ ನೀರು ಚಿಮ್ಮಿಸುವ ತಲೆಗಳನ್ನು 450ಕ್ಕೆ ಇಳಿಸಿದರು. 2014ರಲ್ಲಿ ಅಲ್ಲಿ ಪುರುಷರ ಹಾಗೂ ಮಹಿಳೆಯರ ಯು.ಎಸ್. ಓಪನ್ ಪಂದ್ಯಾವಳಿಗಳು ಬೆನ್ನುಬೆನ್ನಿಗೆ ನಡೆದವು. ಅಂಚುಗಳು ಕಂದು ಬಣ್ಣಕ್ಕೆ ತಿರುಗಿದರೆ ಆಟದ ಘನತೆ ಕುಗ್ಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಟೆಕ್ಸಾಸ್‌ನ ಹ್ಯೂಸ್ಟನ್ ಸಮೀಪದ ಕ್ಲಿಯರ್ ಲೇಕ್. ಅಲ್ಲಿ ಮುಚ್ಚಿಹೋದ ಒಂದು ಗಾಲ್ಫ್ ಮೈದಾನವನ್ನು ಸ್ಥಳೀಯ ಜಲ ಪ್ರಾಧಿಕಾರ ಕೊಂಡು, ಮಳೆನೀರನ್ನು ತಡೆದಿಡುವ ಐದು ಕೊಳಗಳ ಉದ್ಯಾನವಾಗಿ ಮಾರ್ಪಡಿಸಿತು. 2017ರಲ್ಲಿ ಹಾರ್ವೆ ಚಂಡಮಾರುತ ಅಪ್ಪಳಿಸಿದಾಗ ಮೊದಲ ಕೊಳದ ಕೆಲಸವೂ ಪೂರ್ತಿಯಾಗಿರಲಿಲ್ಲ. ಆದರೂ ಸುತ್ತಲಿನ ಎಷ್ಟೋ ಮನೆಗಳು ಮುಳುಗುವುದು ತಪ್ಪಿತು. ಅದೇ ನೆಲ, ಅದೇ ಇಳಿಜಾರು. ಉದ್ದೇಶ ಮಾತ್ರ ಬೇರೆ. ಆಟವನ್ನು ಉಳಿಸಿಕೊಂಡೇ ಈ ಉದ್ದೇಶದ ಒಂದು ಪಾಲನ್ನು ಸಾಧಿಸುವುದು ಅಸಾಧ್ಯವೇನಲ್ಲ. ಮೈದಾನದ ಕೊಳಗಳನ್ನು ಮಳೆಗಾಲಕ್ಕೆ ಮುನ್ನ ತಗ್ಗಿಸಿಟ್ಟುಕೊಳ್ಳುವುದು, ಫೇರ್‌ವೇಯ ಅಂಚಿನ ತಗ್ಗುಗಳಿಗೆ ಒಂದೆರಡು ದಿನ ನೀರು ನಿಲ್ಲಲು ಅವಕಾಶ ಕೊಡುವುದು, ಹೊರಗಂಡಿಗೆ ಹಲಗೆಯ ಬಾಗಿಲು ಇಡುವುದು, ಇವೆಲ್ಲ ದೊಡ್ಡ ವೆಚ್ಚದ ಕೆಲಸಗಳಲ್ಲ.

ಕೇಳಬೇಕಾದ ಪ್ರಶ್ನೆಗಳು

ಗಾಲ್ಫ್ ಸಿರಿವಂತರ ಆಟ, ಅದರ ಮೈದಾನದ ಚಿಂತೆ ನಮಗೇಕೆ ಎಂದು ಕೈಕಟ್ಟಿ ಕುಳಿತುಕೊಳ್ಳುವುದು ಸುಲಭ. ಆದರೆ ನಗರದೊಳಗಿನ ನೂರು ಎಕರೆ ತೆರೆದ ನೆಲ, ಅದು ಯಾರ ಸ್ವಾಧೀನದಲ್ಲಿಯೇ ಇರಲಿ, ಮಳೆಯ ದಿನ ಎಲ್ಲರ ನೆಲವೇ ಆಗಿರುತ್ತದೆ. ಆದ್ದರಿಂದ ಯಾವುದೇ ಕ್ಲಬ್ ತನ್ನ ಬಸಿಗಾಲುವೆ ಸುಧಾರಣೆಗೆ ಮುಂದಾದಾಗ ಅದನ್ನು ಕೇವಲ ಸದಸ್ಯರ ಅನುಕೂಲದ ಕಾಮಗಾರಿ ಎಂದು ಬದಿಗಿಡದೆ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಉಚಿತ. ನೀರು ಯಾವ ಕಾಲುವೆಗೆ, ಎಷ್ಟು ವೇಗದಲ್ಲಿ ಹೋಗುತ್ತದೆ? ಅದನ್ನು ತಡೆದಿಡುವ ಕೊಳಗಳ ಧಾರಣಶಕ್ತಿ ಎಷ್ಟು? ಹೊರಬರುವ ನೀರನ್ನು ಯಾರು ಪರೀಕ್ಷಿಸುತ್ತಾರೆ? ಬೇಸಿಗೆಯಲ್ಲಿ ಹುಲ್ಲಿಗೆ ಹಾಯಿಸುವ ನೀರು ಯಾವ ಮೂಲದ್ದು?

ಉತ್ತರ ಕೊಡಲು ಕ್ಲಬ್‌ಗಳಿಗೂ ಕಷ್ಟವಿಲ್ಲ. ಗ್ರೀನ್‌ನ ಅಡಿಯಲ್ಲಿ ಬೆರಳಿನ ದಪ್ಪದ ಮರಳಿನ ವ್ಯತ್ಯಾಸವನ್ನೂ ಅಳೆಯಬಲ್ಲವರಿಗೆ ಬೇಲಿಯಾಚೆ ಹೋಗುವ ನೀರನ್ನು ಅಳೆಯುವುದು ದೊಡ್ಡ ಮಾತಲ್ಲ. ಸ್ಪಂಜಿನಂತೆ ಹಿಡಿದು, ಬೇಕಾದಾಗ ಬಿಡುವ ವಿದ್ಯೆಯನ್ನು ಅವರು 500 ಚದರ ಮೀಟರಿನಲ್ಲಿ ಈಗಾಗಲೇ ಸಾಧಿಸಿದ್ದಾರೆ. ಅದನ್ನು ಇಡೀ ಮೈದಾನಕ್ಕೆ ವಿಸ್ತರಿಸಿದರೆ, ಮುಂದಿನ ಸೆಪ್ಟೆಂಬರಿನ ಮಳೆಗೆ ಕಣಿವೆಯ ಕೆಳಗಿನ ಮನೆಗಳವರು ಸಾಮಾನುಗಳನ್ನು ಅಟ್ಟಕ್ಕೇರಿಸುವ ಪ್ರಸಂಗ ಸ್ವಲ್ಪವಾದರೂ ಕಡಿಮೆಯಾದೀತು.